ಖಡ್ಗ ತೊರೆದು ಲೇಖನಿ ಹಿಡಿದ ಶ್ರೀ ಟೀಕಾಚಾರ್ಯರು

ಜ್ಯೇಷ್ಠ ಬಹುಳದಲ್ಲಿ ಆಳಂದಿ ಮತ್ತು ದೇಹೂ ಕ್ಷೇತ್ರಗಳಿಂದ ಹೊರಟ ಪಾಲಖಿಗಳು ನಮ್ಮ ಪುಣೆ ನಗರವನ್ನು ಹಾದು, ಆಷಾಢ ಶುದ್ಧ ಏಕಾದಶಿಯ ಹೊತ್ತಿಗೆ ಪಂಢರಪುರವನ್ನು ಸೇರುತ್ತವೆ. ಈ ನಗರದಲ್ಲಿ ನೆಲೆಸಿರುವ ಮಾಧ್ವ ಕುಟುಂಬಗಳಿಗೆ ಆ ದೃಶ್ಯವು ಪರಿಚಿತವೇ ಆಗಿದೆ. ಅನೇಕರು ಮಕ್ಕಳೊಡನೆ ರಸ್ತೆಯ ಬದಿಯಲ್ಲಿ ನಿಂತು ಪಾದುಕೆಗಳಿಗೆ ಕೈಮುಗಿಯುವುದೂ ಉಂಟು. ಆ ಏಕಾದಶಿಯಿಂದ ಒಂಬತ್ತು ತಿಥಿಗಳು ಕಳೆದರೆ ಆಷಾಢ ಬಹುಳ ಪಂಚಮಿ. ಅದು ಶ್ರೀಮಟ್ಟೀಕಾಕೃತ್ಪಾದರ, ಅಂದರೆ ಶ್ರೀ ಜಯತೀರ್ಥ ಶ್ರೀಪಾದಂಗಳವರ ಆರಾಧನೆಯ ಪುಣ್ಯದಿನ. ವಿಠ್ಠಲನ ಯಾತ್ರೆಗೂ ಟೀಕಾರಾಯರ ಆರಾಧನೆಗೂ ನಡುವೆ ಇರುವ ಅಂತರವು ಪಂಚಾಂಗದಲ್ಲಿ ಅಲ್ಪವಾದುದು. ಭೂಮಿಯ ಮೇಲೆಯೂ ಅದು ಅಲ್ಪವೇ. ಏಕೆಂದರೆ ಸಂಪ್ರದಾಯವು ಟೀಕಾರಾಯರ ಜನ್ಮಸ್ಥಳವೆಂದು ಹೇಳುವ ಮಂಗಳವೇಢೆಯು ಪಂಢರಪುರದ ನೆರೆಯ ಊರು, ಇಂದಿನ ಸೋಲಾಪುರ ಜಿಲ್ಲೆಗೆ ಸೇರಿದುದು.

ಪುಣೆಯ ಆಸ್ತಿಕರಿಗೆ ಈ ಸಂಬಂಧವು ಇನ್ನೂ ಹತ್ತಿರದ್ದು. ನಮ್ಮ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಭೀಮಾನದಿಯು ನಗರದ ಮುಳಾ-ಮುಠಾ ನದಿಗಳ ನೀರನ್ನೂ ಕೂಡಿಸಿಕೊಂಡು, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಮಂಗಳವೇಢೆಯ ಸೀಮೆಯನ್ನು ದಾಟಿ ಕರ್ನಾಟಕವನ್ನು ಪ್ರವೇಶಿಸುತ್ತದೆ. ಅಲ್ಲಿ ಮಳಖೇಡದ ಬದಿಯಿಂದ ಹರಿದುಬರುವ ಕಾಗಿಣಾ ನದಿಯು ಅದನ್ನು ಸೇರುತ್ತದೆ. 861 ಕಿಲೋಮೀಟರ್ ಹರಿದು ಕೃಷ್ಣೆಯಲ್ಲಿ ಲೀನವಾಗುವ ಈ ನದಿಯ ದಾರಿಯೇ ಒಂದರ್ಥದಲ್ಲಿ ಟೀಕಾರಾಯರ ಜೀವನದ ದಾರಿ. ಮಹಾರಾಷ್ಟ್ರದ ನೆಲದಲ್ಲಿ ಹುಟ್ಟಿ, ಕನ್ನಡದ ನೆಲದಲ್ಲಿ ತಪಸ್ಸು ಮಾಡಿ, ಸಮಸ್ತ ಭಾರತದ ವಿದ್ವಲ್ಲೋಕಕ್ಕೆ ಸೇರಿದ ಮಹಾನುಭಾವರು ಅವರು. ನಾಡು ಬಿಟ್ಟು ಬಂದು ಇಲ್ಲಿ ನೆಲೆಸಿದ ನಾವು ಅವರ ಚರಿತ್ರೆಯನ್ನು ಸ್ಮರಿಸುವುದು ಉಚಿತವೂ ಹೌದು, ಅವಶ್ಯವೂ ಹೌದು.

ಕತ್ತಿಯ ಕಾಲ

ಶ್ರೀ ಜಯತೀರ್ಥರ ಚರಿತ್ರೆಯನ್ನು ತಿಳಿಯಬೇಕಾದರೆ ಅವರು ಅವತರಿಸಿದ ಕಾಲವನ್ನು ಮೊದಲು ನೋಡಬೇಕು. ಶ್ರೀಮದಾಚಾರ್ಯರು ಬದರಿಗೆ ತೆರಳಿದ್ದು 1317ರಲ್ಲಿ ಎಂಬುದು ವಿದ್ವಾಂಸರಲ್ಲಿ ಬಹುಮಾನ್ಯವಾದ ಗಣನೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣಾಪಥದ ಹಳೆಯ ರಾಜ್ಯಗಳೆಲ್ಲ ಒಂದೊಂದಾಗಿ ಕುಸಿದವು. 1296ರಲ್ಲಿ ದೇವಗಿರಿಯ ಮೇಲೆ ಅಲ್ಲಾವುದ್ದೀನ್ ಖಿಲ್ಜಿಯ ಮೊದಲ ದಾಳಿಯಾಯಿತು. 1311ರಲ್ಲಿ ಹೊಯ್ಸಳರ ದ್ವಾರಸಮುದ್ರಕ್ಕೆ ದಿಲ್ಲಿಯ ಸೈನ್ಯ ಬಂದಿತು. ಯಾದವರ ವಂಶವು ಆ ಶತಮಾನದ ಎರಡನೆಯ ದಶಕ ಮುಗಿಯುವ ಮೊದಲೇ ಅಳಿಯಿತು. 1327ರಲ್ಲಿ ಕಂಪಿಲಿ ನಾಶವಾಯಿತು. ಅದೇ ವರುಷ ಮಹಮ್ಮದ್ ಬಿನ್ ತುಘಲಕನು ದೇವಗಿರಿಯನ್ನು ದೌಲತಾಬಾದೆಂದು ಕರೆದು ಅದನ್ನು ತನ್ನ ರಾಜಧಾನಿಯಾಗಿ ಮಾಡಹೊರಟನು. 1336ರಲ್ಲಿ ತುಂಗಭದ್ರೆಯ ದಡದಲ್ಲಿ ವಿಜಯನಗರವೂ, 1347ರಲ್ಲಿ ಅದಕ್ಕೆ ಎದುರಾಗಿ ಬಹಮನಿ ರಾಜ್ಯವೂ ತಲೆಯೆತ್ತಿದವು. ಬಹಮನಿಗಳ ಮೊದಲ ರಾಜಧಾನಿ ಕಲಬುರಗಿ. ಮುಂದೆ 1366ರಲ್ಲಿ ಮುದಗಲ್ಲಿನ ಕೋಟೆಗಾಗಿ ಈ ಎರಡು ರಾಜ್ಯಗಳ ನಡುವೆ ಹೊತ್ತಿಕೊಂಡ ಯುದ್ಧವು ಕೃಷ್ಣಾ-ತುಂಗಭದ್ರೆಗಳ ನಡುನಾಡನ್ನು ಸುಟ್ಟಿತು.

ಇಂತಹ ಕಾಲದಲ್ಲಿ ಧರ್ಮವನ್ನು ಉಳಿಸುವ ಬಗೆ ಯಾವುದು? ಆ ಪೀಳಿಗೆಯ ಸಜ್ಜನರೆಲ್ಲರ ಮುಂದೆಯೂ ಇದ್ದ ಪ್ರಶ್ನೆ ಇದು. ಕೆಲವರು ಸೈನ್ಯ ಕಟ್ಟಿದರು. ಕೆಲವರು ಉತ್ಸವಮೂರ್ತಿಗಳನ್ನು ಹೊತ್ತು ಕಾಡು ಸೇರಿದರು. ಶ್ರೀರಂಗದ ಮೇಲೆ ದಾಳಿಯಾದಾಗ ಶ್ರೀ ವೇದಾಂತದೇಶಿಕರು ಶ್ರುತಪ್ರಕಾಶಿಕೆಯೆಂಬ ವ್ಯಾಖ್ಯಾನದ ಓಲೆಗಳನ್ನು ಕಾಪಾಡಲು ಹೆಣಗಳ ನಡುವೆ ಅಡಗಿ ಉಳಿದರೆಂದು ಶ್ರೀವೈಷ್ಣವರು ಇಂದಿಗೂ ಸ್ಮರಿಸುತ್ತಾರೆ. ಪ್ರಾಣದೊಡನೆ ಕಾಪಾಡಬೇಕಾದ ವಸ್ತು ಗ್ರಂಥ ಎಂಬ ಅರಿವು ಆ ಕಾಲದ ಮಹಾತ್ಮರಲ್ಲಿ ಎಷ್ಟು ಗಾಢವಾಗಿತ್ತೆಂಬುದಕ್ಕೆ ಇದು ನಿದರ್ಶನ.

ನಮ್ಮ ಪರಂಪರೆಯಲ್ಲಿಯೂ ಈ ಅರಿವು ಹೊಸದಲ್ಲ. ಶ್ರೀಮದಾಚಾರ್ಯರ ಗ್ರಂಥಭಂಡಾರವನ್ನು ವಿರೋಧಿಗಳು ಅಪಹರಿಸಿದ್ದನ್ನೂ, ಕುಂಬಳೆಯ ಅರಸನಾದ ಜಯಸಿಂಹನ ಮೂಲಕ ಅದು ಮರಳಿ ಬಂದುದನ್ನೂ ಸುಮಧ್ವವಿಜಯವು ವರ್ಣಿಸುತ್ತದೆ. ಗಂಗೆಯ ತೀರದಲ್ಲಿ ತುರುಷ್ಕ ಸೈನಿಕರು ಅಡ್ಡಗಟ್ಟಿದಾಗ ಆಚಾರ್ಯರು ಶಸ್ತ್ರವಿಲ್ಲದೆಯೇ ಅವರ ಅರಸನ ಮುಂದೆ ನಿಂತು, ಅವನ ಭಾಷೆಯಲ್ಲಿಯೇ ಮಾತನಾಡಿ, ಅವನ ಗೌರವಕ್ಕೆ ಪಾತ್ರರಾದರೆಂದೂ ಅದೇ ಗ್ರಂಥ ತಿಳಿಸುತ್ತದೆ. ಮಹಾರಾಷ್ಟ್ರದ ಅರಸನೊಬ್ಬನು ದಾರಿಹೋಕರನ್ನೆಲ್ಲ ಹಿಡಿದು ಕೆರೆ ತೋಡಿಸುತ್ತಿದ್ದಾಗ, ಆಚಾರ್ಯರು ಅವನಿಂದಲೇ ಮಣ್ಣು ಅಗೆಯಿಸಿ ಮುಂದೆ ನಡೆದ ಪ್ರಸಂಗವೂ ಅಲ್ಲಿದೆ. ಆ ಅರಸನು ದೇವಗಿರಿಯ ಯಾದವ ಮಹಾದೇವನೇ ಇರಬೇಕೆಂದು ಇತಿಹಾಸಜ್ಞರ ಅಭಿಪ್ರಾಯ. ಭಯವಿಲ್ಲ, ದ್ವೇಷವೂ ಇಲ್ಲ; ಕೈಯಲ್ಲಿ ಆಯುಧವೂ ಇಲ್ಲ. ಶ್ರೀಮದಾಚಾರ್ಯರು ತಮ್ಮ ಶಿಷ್ಯರಿಗೆ ತೋರಿದ ಮಾರ್ಗವು ಇದು. ಈ ಮಾರ್ಗವನ್ನು ಕ್ಷಾತ್ರಕುಲದ ಮನೆತನದಲ್ಲಿ ಬೆಳೆದ ಒಬ್ಬ ತರುಣನು ಹಿಡಿದನೆಂಬುದೇ ಟೀಕಾರಾಯರ ಚರಿತ್ರೆಯ ಸಾರ.

ಮಂಗಳವೇಢೆಯ ಮನೆತನ

ಮಂಗಳವೇಢೆಯು ಬಹು ಪುರಾತನವಾದ ಊರು. ಶಾಸನಗಳ ಮಂಗಳವಾಡ ಇದೇ. ಕಲ್ಯಾಣಕ್ಕೆ ಹೋಗುವ ಮುನ್ನ ಕಳಚುರಿ ಬಿಜ್ಜಳನ ನೆಲೆಯು ಇಲ್ಲಿಯೇ ಇತ್ತು. ಮರಾಠೀ ಸಂತಪರಂಪರೆಯಲ್ಲಿಯೂ ಈ ಊರಿನ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ವಿಠ್ಠಲಭಕ್ತನಾದ ಚೋಖಾಮೇಳನು ಇಲ್ಲಿ ಗೋಡೆ ಕಟ್ಟುವ ಕೂಲಿಗೆ ಬಂದಿದ್ದಾಗ, 1338ರಲ್ಲಿ ಆ ಗೋಡೆ ಕುಸಿದು ಮೃತನಾದನೆಂದೂ, ನಾಮದೇವನು ಬಂದು ಅವನ ಅಸ್ಥಿಗಳನ್ನು ಪಂಢರಪುರಕ್ಕೆ ಒಯ್ದನೆಂದೂ ಆ ಪರಂಪರೆ ಹೇಳುತ್ತದೆ. ಮುಂದಿನ ಶತಮಾನದಲ್ಲಿ ಕ್ಷಾಮ ಬಂದಾಗ ಬೀದರದ ಸುಲ್ತಾನನ ಕಣಜವನ್ನು ಹಸಿದವರಿಗೆ ತೆರೆದುಕೊಟ್ಟ ದಾಮಾಜಿಪಂತನೂ ಈ ಊರಿನವನೇ. ಕ್ಷಾಮ, ಕೂಲಿ, ಕೋಟೆ, ಕಾಳಗಗಳ ನಡುವೆಯೂ ಭಕ್ತಿಯು ಬತ್ತದ ನೆಲ ಅದು.

ಇಂತಹ ಊರಿನಲ್ಲಿ ರಘುನಾಥನೆಂಬ ಒಬ್ಬ ಸರದಾರನಿದ್ದನು. ಭೂಮಿ, ಅಧಿಕಾರ, ಕುದುರೆ, ಕಾಲಾಳುಗಳಿಗೆ ಕೊರತೆಯಿಲ್ಲದ ದೇಶಸ್ಥ ಬ್ರಾಹ್ಮಣ ಮನೆತನವದು. ಆತನ ಮಗನೇ ಧೋಂಡೋಪಂತ. ಬಾಲ್ಯದಿಂದಲೇ ಅಶ್ವಾರೋಹಣ, ಶಸ್ತ್ರಾಭ್ಯಾಸಗಳಲ್ಲಿ ನಿಪುಣನಾದ ಆ ಹುಡುಗನ ಮೇಲೆ ತಂದೆಗೆ ಬಹಳ ಭರವಸೆ. ರಾಜ್ಯಗಳು ಏಳುತ್ತ ಬೀಳುತ್ತ ಇದ್ದ ಆ ದಿನಗಳಲ್ಲಿ ಕತ್ತಿ ಹಿಡಿಯಬಲ್ಲ ಮಗನೇ ಮನೆತನದ ಆಸ್ತಿ. ಯೋಗ್ಯವಾದ ಮನೆಯಿಂದ ಕನ್ಯೆಯನ್ನು ತಂದು ವಿವಾಹವನ್ನೂ ಮಾಡಿದ್ದರು. ಆಕೆಯ ಹೆಸರು ಭೀಮಾಬಾಯಿ ಎಂದು ಕಥೆ ಹೇಳುತ್ತದೆ. ಮುಂದಿನ ದಾರಿಯೆಲ್ಲ ನಿಶ್ಚಿತವಾಗಿದ್ದಂತೆ ಎಲ್ಲರಿಗೂ ತೋರಿತ್ತು.

ನದಿಯಲ್ಲಿ ನಡೆದ ಒಂದು ಪ್ರಶ್ನೆ

ಬೇಸಿಗೆಯ ಒಂದು ಮಧ್ಯಾಹ್ನ ಧೋಂಡೋಪಂತನು ಪರಿವಾರದೊಡನೆ ಕುದುರೆಯ ಮೇಲೆ ಬಹುದೂರ ಸುತ್ತಿ, ಬಾಯಾರಿ ನದಿಯ ಬಳಿಗೆ ಬಂದನು. ಅದು ಭೀಮಾನದಿಯೆಂಬುದು ಪ್ರಚಲಿತವಾದ ಹೇಳಿಕೆ. ಕುದುರೆಯಿಂದ ಇಳಿಯುವಷ್ಟು ತಾಳ್ಮೆಯೂ ಆತನಿಗೆ ಉಳಿದಿರಲಿಲ್ಲ. ಕುದುರೆಯನ್ನು ನೀರಿಗೆ ಇಳಿಸಿ, ಅದರ ಬೆನ್ನ ಮೇಲಿಂದಲೇ ಬಾಗಿ, ಬೊಗಸೆಯನ್ನೂ ಒಡ್ಡದೆ, ಎತ್ತು ನೀರು ಕುಡಿಯುವಂತೆ ನೇರವಾಗಿ ಬಾಯಿಟ್ಟು ಕುಡಿಯತೊಡಗಿದನು.

ದಡದ ಮೇಲೆ ಶ್ರೀ ಅಕ್ಷೋಭ್ಯತೀರ್ಥರು ಶಿಷ್ಯರೊಡನೆ ಕುಳಿತಿದ್ದರು. ಶ್ರೀಮದಾಚಾರ್ಯರಿಂದಲೇ ಸಂನ್ಯಾಸಾಶ್ರಮ ಪಡೆದು, ಶ್ರೀ ಪದ್ಮನಾಭತೀರ್ಥ, ಶ್ರೀ ನರಹರಿತೀರ್ಥ, ಶ್ರೀ ಮಾಧವತೀರ್ಥರ ಅನಂತರ ಪೀಠವನ್ನು ಅಲಂಕರಿಸಿದ್ದ ಜ್ಞಾನವೃದ್ಧರು ಅವರು. ತಮ್ಮ ಮುಂದೆ ಪೀಠಕ್ಕೆ ಯಾರು, ಆಚಾರ್ಯರ ಮೂಲಗ್ರಂಥಗಳಿಗೆ ಟೀಕೆ ಬರೆಯುವವರು ಯಾರು ಎಂಬ ಚಿಂತೆ ಅವರಿಗೆ ಇತ್ತು. ಹೀಗೆ ನೀರು ಕುಡಿಯುವ ಒಬ್ಬನು ಬರುವನೆಂದು ಅವರಿಗೆ ಸ್ವಪ್ನಸೂಚನೆಯೂ ಆಗಿತ್ತಂತೆ. ತರುಣನನ್ನು ಕಂಡೊಡನೆ ಅವರು, ಹಿಂದಿನ ದೇಹದಲ್ಲಿ ನೀನು ಪಶುವಾಗಿದ್ದೆಯೇನು ಎಂಬ ಭಾವದ ಒಂದೇ ಒಂದು ಮಾತನ್ನು ಕೇಳಿದರು. ಬೇರೆ ಯಾರಾದರೂ ಕೇಳಿದ್ದರೆ ಸರದಾರನ ಮಗನು ಅದನ್ನು ಅವಮಾನವೆಂದು ತಿಳಿದು ಒರೆಯಿಂದ ಕತ್ತಿಯನ್ನು ಎಳೆಯುತ್ತಿದ್ದನು. ಆದರೆ ಆ ಪ್ರಶ್ನೆಯು ಆತನ ಅಂತರಂಗದಲ್ಲಿ ಮುಚ್ಚಿದ್ದ ಬಾಗಿಲನ್ನು ತೆರೆಯಿತು.

ಸಂಪ್ರದಾಯದ ಪ್ರಕಾರ ಆ ಬಾಗಿಲ ಹಿಂದೆ ಇದ್ದುದು ಹೀಗೆ. ಶ್ರೀಮದಾಚಾರ್ಯರ ಸಂಚಾರದಲ್ಲಿ ಅವರ ಗ್ರಂಥಗಳ ಹೊರೆಯನ್ನು ಹೊರುವ ಒಂದು ಎತ್ತು ಇತ್ತು. ಪಾಠ ನಡೆಯುವಾಗಲೆಲ್ಲ ಅದು ಮೇವನ್ನು ಬಿಟ್ಟು ಕಿವಿಗೊಟ್ಟು ನಿಲ್ಲುತ್ತಿತ್ತು. ತಮ್ಮ ಗ್ರಂಥಗಳಿಗೆ ಟೀಕೆ ಬರೆಯುವವರು ಯಾರೆಂದು ಶಿಷ್ಯರು ಕೇಳಿದಾಗ ಆಚಾರ್ಯರು ಆ ಎತ್ತಿನ ಕಡೆಗೆ ಬೆರಳು ತೋರಿದರಂತೆ. ಗ್ರಂಥವನ್ನು ಬೆನ್ನ ಮೇಲೆ ಹೊತ್ತ ಜೀವವೇ ಮುಂದಿನ ಜನ್ಮದಲ್ಲಿ ಗ್ರಂಥದ ಅರ್ಥವನ್ನು ತಲೆಯ ಮೇಲೆ ಹೊತ್ತಿತು. ಶ್ರೀ ಜಯತೀರ್ಥರು ಶೇಷಾವೇಶವುಳ್ಳ ಇಂದ್ರನ ಅವತಾರರೆಂದೂ, ದ್ವಾಪರದಲ್ಲಿ ಅರ್ಜುನನಾಗಿ ಗೀತೆಯನ್ನು ಕೇಳಿದವರೇ ಇವರೆಂದೂ ನಮ್ಮ ಹಿರಿಯರ ನಂಬಿಕೆ. ರಣರಂಗದಲ್ಲಿ ಬಿಲ್ಲನ್ನು ಕೆಳಗಿಟ್ಟು ಉಪದೇಶ ಪಡೆದು ಮತ್ತೆ ಬಿಲ್ಲನ್ನು ಎತ್ತಿದವರು, ಈ ಬಾರಿ ಅದನ್ನು ಶಾಶ್ವತವಾಗಿ ಕೆಳಗಿಟ್ಟರು.

ಧೋಂಡೋಪಂತನು ಕುದುರೆಯಿಂದ ಇಳಿದು ಬಂದು ಯತಿಗಳ ಪಾದಗಳಿಗೆ ಎರಗಿದನು. ಮರಳಿ ಮನೆಗೆ ಹೋಗುವ ಇಚ್ಛೆ ಆತನಲ್ಲಿ ಉಳಿಯಲಿಲ್ಲ. ಶ್ರೀ ಅಕ್ಷೋಭ್ಯತೀರ್ಥರು ಆತನಿಗೆ ಸಂನ್ಯಾಸಾಶ್ರಮವನ್ನು ಅನುಗ್ರಹಿಸಿದರು. ಜಯತೀರ್ಥರೆಂಬ ಅಭಿಧಾನವೂ ಆಯಿತು.

ತಂದೆಯ ಸೈನ್ಯ, ಗುರುವಿನ ಮೌನ

ಸುದ್ದಿ ತಿಳಿದ ರಘುನಾಥನು ಉರಿದೆದ್ದನು. ಆತನ ಕೋಪವನ್ನು ನಾವು ಹಗುರವಾಗಿ ನೋಡಬಾರದು. ಒಬ್ಬ ಮಗ, ಹೊಸದಾಗಿ ಮನೆ ತುಂಬಿದ ಸೊಸೆ, ಸುತ್ತಲೂ ಶತ್ರುಗಳು. ಇದ್ದ ಒಂದು ಆಧಾರವನ್ನೂ ಸಂನ್ಯಾಸಿಯೊಬ್ಬರು ಕಸಿದುಕೊಂಡರೆಂದು ಆತನಿಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಆಯುಧಪಾಣಿಗಳಾದ ಆಳುಗಳೊಡನೆ ಬಂದು ಮಗನನ್ನು ಬಲವಂತದಿಂದ ಮನೆಗೆ ಕರೆದೊಯ್ದನು. ಶ್ರೀ ಅಕ್ಷೋಭ್ಯತೀರ್ಥರು ಅಡ್ಡಿಪಡಿಸಲಿಲ್ಲ. ಶಪಿಸಲೂ ಇಲ್ಲ. ಬೇರೆ ಅರಸನ ಬಳಿ ದೂರನ್ನೂ ಒಯ್ಯಲಿಲ್ಲ. ಶಿಷ್ಯನ ವೈರಾಗ್ಯವು ನಿಜವಾದುದಾದರೆ ಅದನ್ನು ಯಾವ ಸೈನ್ಯವೂ ಬಂಧಿಸಲಾರದೆಂಬುದು ಅವರಿಗೆ ತಿಳಿದಿತ್ತು.

ಮನೆಯಲ್ಲಿ ಮಗನ ಕಾಷಾಯವನ್ನು ತೆಗೆಸಿ, ಗೃಹಸ್ಥಾಶ್ರಮಕ್ಕೆ ಮರಳಿಸಲು ಪತ್ನಿಯ ಅಂತಃಪುರಕ್ಕೆ ಕಳುಹಿಸಿದರು. ಒಳಗೆ ಹೋದ ಆ ಸಾಧ್ವಿಯು ಮಂಚದ ಮೇಲೆ ತನ್ನ ಪತಿಯನ್ನು ಕಾಣಲಿಲ್ಲ. ಹೆಡೆಯೆತ್ತಿದ ಮಹಾಸರ್ಪವನ್ನು ಕಂಡು ಕೂಗಿಕೊಂಡಳು. ಮನೆಮಂದಿಯೆಲ್ಲ ಓಡಿಬಂದರು. ರಘುನಾಥನ ಕಣ್ಣು ತೆರೆಯಿತು. ತಾನು ಹಿಡಿದು ತಂದದ್ದು ತನ್ನ ಆಸ್ತಿಯನ್ನಲ್ಲ, ತನ್ನ ಅಳತೆಗೆ ಸಿಗದ ಒಂದು ತೇಜಸ್ಸನ್ನೆಂದು ಆತನಿಗೆ ಮನವರಿಕೆಯಾಯಿತು. ಮಗನನ್ನು ತಾನೇ ಕರೆದುಕೊಂಡು ಹೋಗಿ ಗುರುಗಳಿಗೆ ಒಪ್ಪಿಸಿ ಕ್ಷಮೆ ಬೇಡಿದನು. ಸೈನ್ಯದೊಡನೆ ಬಂದ ತಂದೆಯು ಕೈಮುಗಿದು ಹಿಂತಿರುಗಿದ್ದು ಟೀಕಾರಾಯರ ಜೀವನದ ಮೊದಲ ವಿಜಯ. ಅದರಲ್ಲಿ ಯಾರ ರಕ್ತವೂ ಹರಿಯಲಿಲ್ಲ.

ಈ ವಿಜಯಕ್ಕೆ ಬೆಲೆ ತೆತ್ತ ಒಬ್ಬಳನ್ನು ಇಲ್ಲಿ ಸ್ಮರಿಸದೆ ಮುಂದುವರಿಯಲಾಗದು. ತಾನು ಬೇಡದ ತ್ಯಾಗವನ್ನು ಮಾಡಬೇಕಾಗಿ ಬಂದ ಆ ಪತ್ನಿಯ ಮುಂದಿನ ಜೀವನದ ಬಗೆಗೆ ಚರಿತ್ರಕಾರರು ಮೌನವಾಗಿದ್ದಾರೆ. ಟೀಕಾಗ್ರಂಥಗಳ ಪುಟ ತಿರುವುವಾಗ ಆಕೆಯ ಮೌನಕ್ಕೂ ನಾವು ಋಣಿಗಳೆಂಬುದು ನೆನಪಿರಲಿ.

ಯರಗೋಳದ ಗುಹೆ

ಶ್ರೀ ಅಕ್ಷೋಭ್ಯತೀರ್ಥರ ಅನಂತರ, 1365ರ ಸುಮಾರಿಗೆ ಶ್ರೀ ಜಯತೀರ್ಥರು ಪೀಠಾಧಿಪತಿಗಳಾದರು. ಅವರು ವೃಂದಾವನಸ್ಥರಾದ ವರುಷವೆಂದು ಗಣಿಸಲಾಗುವ 1388ರವರೆಗೆ ದೊರೆತ ಕಾಲಾವಧಿ ಇಪ್ಪತ್ತಮೂರು ವರುಷಗಳು ಮಾತ್ರ. ಬಹಮನಿ-ವಿಜಯನಗರಗಳ ಯುದ್ಧಗಳ ಕಾಲವೂ ಇದುವೇ. ಅವರು ತಪಸ್ಸು ಮಾಡಿದ, ಗ್ರಂಥ ರಚಿಸಿದ ಸ್ಥಳಗಳಾದ ಮಳಖೇಡ ಮತ್ತು ಯರಗೋಳಗಳು ಯುದ್ಧದಿಂದ ದೂರದ ಯಾವುದೋ ಸುರಕ್ಷಿತ ನಾಡಿನಲ್ಲಿ ಇರಲಿಲ್ಲ. ಮಳಖೇಡದಿಂದ ಬಹಮನಿಗಳ ರಾಜಧಾನಿ ಕಲಬುರಗಿಗೆ ಸುಮಾರು 40 ಕಿಲೋಮೀಟರ್ ಅಷ್ಟೇ. ಇಂದು ಯಾದಗಿರಿ ಜಿಲ್ಲೆಗೆ ಸೇರಿದ ಯರಗೋಳದ ಗುಹೆಯಲ್ಲಿ ಕುಳಿತು ಶ್ರೀಮನ್ನ್ಯಾಯಸುಧೆಯನ್ನು ರಚಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಹೊರಗೆ ಕುದುರೆಗಳ ಖುರಪುಟಗಳ ಧೂಳು. ಒಳಗೆ ಓಲೆಗರಿಯ ಮೇಲೆ ಲೇಖನಿಯ ಸದ್ದು.

ಟೀಕೆಗಳ ಅಗತ್ಯವೇನಿತ್ತೆಂಬುದನ್ನು ಸ್ವಲ್ಪ ನೋಡೋಣ. ಸರ್ವಮೂಲಗ್ರಂಥಗಳು 37. ಆಚಾರ್ಯರ ವಾಕ್ಯಗಳು ಅತ್ಯಂತ ಸಂಕ್ಷಿಪ್ತ. ಶ್ರೀ ತ್ರಿವಿಕ್ರಮಪಂಡಿತಾಚಾರ್ಯರ ಪ್ರಾರ್ಥನೆಯ ಮೇರೆಗೆ ರಚಿಸಿದ ಅನುವ್ಯಾಖ್ಯಾನದ ನಾಲ್ಕು ಅಧ್ಯಾಯಗಳನ್ನು ಆಚಾರ್ಯರು ನಾಲ್ವರು ಶಿಷ್ಯರಿಗೆ ಏಕಕಾಲದಲ್ಲಿ ಹೇಳಿ ಬರೆಯಿಸಿದರೆಂದು ಸುಮಧ್ವವಿಜಯವು ತಿಳಿಸುತ್ತದೆ. ಬ್ರಹ್ಮಸೂತ್ರಭಾಷ್ಯಕ್ಕೆ ಶ್ರೀ ತ್ರಿವಿಕ್ರಮಪಂಡಿತಾಚಾರ್ಯರ ತತ್ತ್ವಪ್ರದೀಪವೂ, ಅನುವ್ಯಾಖ್ಯಾನಕ್ಕೆ ಶ್ರೀ ಪದ್ಮನಾಭತೀರ್ಥರ ಸನ್ನ್ಯಾಯರತ್ನಾವಳಿಯೂ ಮೊದಲೇ ಇದ್ದವು. ಆದರೆ ಮೂಲವನ್ನು ಕಣ್ಣಾರೆ ಕಂಡವರ ಪೀಳಿಗೆಯು ಮುಗಿಯುತ್ತಿತ್ತು. ಆಚಾರ್ಯರು ಒಂದು ಪದದಲ್ಲಿ ಸೂಚಿಸಿದ ಆಕ್ಷೇಪ ಯಾರದು, ಉತ್ತರದ ಯುಕ್ತಿ ಯಾವುದು ಎಂದು ಹೇಳುವವರು ಇಲ್ಲವಾದರೆ, ಗ್ರಂಥಗಳು ಪೂಜೆಗೆ ಇಟ್ಟ ಕಟ್ಟುಗಳಾಗಿ ಮಾತ್ರ ಉಳಿಯುತ್ತಿದ್ದವು. ಕೋಟೆಗಳು ಕುಸಿದುದಕ್ಕಿಂತ ದೊಡ್ಡ ಅನಾಹುತ ಅದಾಗುತ್ತಿತ್ತು.

ಶ್ರೀ ಜಯತೀರ್ಥರು ಆ ಅನಾಹುತವನ್ನು ತಪ್ಪಿಸಿದರು. ಸೂತ್ರಭಾಷ್ಯಕ್ಕೆ ತತ್ತ್ವಪ್ರಕಾಶಿಕಾ, ಗೀತಾಭಾಷ್ಯಕ್ಕೆ ಪ್ರಮೇಯದೀಪಿಕಾ, ಗೀತಾತಾತ್ಪರ್ಯಕ್ಕೆ ನ್ಯಾಯದೀಪಿಕಾ, ಅನುವ್ಯಾಖ್ಯಾನಕ್ಕೆ ನ್ಯಾಯಸುಧಾ, ದಶಪ್ರಕರಣಗಳಿಗೆ ಟೀಕೆಗಳು, ಋಗ್ಭಾಷ್ಯಕ್ಕೆ ಟೀಕೆ. ಸ್ವತಂತ್ರವಾಗಿ ವಾದಾವಳೀ ಮತ್ತು ಪ್ರಮಾಣಪದ್ಧತಿ. ಹೀಗೆ 20ಕ್ಕೂ ಹೆಚ್ಚು ಗ್ರಂಥಗಳು ಅವರಿಂದ ಹೊರಬಂದವು. ಇವುಗಳಲ್ಲಿ ಪ್ರಮಾಣಪದ್ಧತಿಯು ಗಾತ್ರದಲ್ಲಿ ಕಿರಿದು. ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳು ಯಾವುವು, ಯಥಾರ್ಥಜ್ಞಾನಕ್ಕೂ ಭ್ರಮೆಗೂ ಏನು ಭೇದ ಎಂಬುದನ್ನು ಅದು ಕ್ರಮವಾಗಿ ತಿಳಿಸುತ್ತದೆ. ಇಂದಿಗೂ ನಮ್ಮ ಪಾಠಶಾಲೆಗಳಲ್ಲಿ ಶಾಸ್ತ್ರಪ್ರವೇಶದ ಬಾಗಿಲು ಅದೇ. ನ್ಯಾಯಸುಧೆಯಾದರೋ ಮಹಾಸಮುದ್ರ. ಅದರ ಅಧ್ಯಯನ ಮುಗಿದಾಗ ಸುಧಾಮಂಗಳವೆಂಬ ಉತ್ಸವವನ್ನೇ ಮಾಡುವುದು ವಾಡಿಕೆ. ಓದಿದರೆ ಸುಧೆಯನ್ನು ಓದಬೇಕು, ಇಲ್ಲವಾದರೆ ಭೂಮಿಯನ್ನು ಆಳಬೇಕು ಎಂಬರ್ಥದ ನಾಣ್ಣುಡಿಯೊಂದು ಪಂಡಿತರಲ್ಲಿ ಪ್ರಚಲಿತವಾಗಿದೆ. ಆಳುವ ಭೂಮಿಯನ್ನು ಕೈಬಿಟ್ಟು ಬಂದವರೇ ಆ ಸುಧೆಯನ್ನು ಹರಿಸಿದರೆಂಬುದನ್ನು ನೆನೆದಾಗ ಆ ನುಡಿಗೆ ಹೊಸ ಕಾಂತಿ ಬರುತ್ತದೆ.

ನಿಯಮವುಳ್ಳ ಯುದ್ಧ

ಟೀಕಾರಾಯರು ಯುದ್ಧವನ್ನೇ ತೊರೆದರೆಂದು ತಿಳಿಯುವುದು ಸರಿಯಲ್ಲ. ಅವರು ಯುದ್ಧಭೂಮಿಯನ್ನು ಬದಲಿಸಿದರು. ಅವರ ಗ್ರಂಥಗಳಲ್ಲಿ ಪುಟಪುಟದಲ್ಲಿಯೂ ಪ್ರತಿವಾದಿಗಳಿದ್ದಾರೆ: ಬೌದ್ಧರು, ಜೈನರು, ನೈಯಾಯಿಕರು, ಮೀಮಾಂಸಕರು, ಭಾಸ್ಕರರು, ಅದ್ವೈತಿಗಳು. ಆದರೆ ಈ ಯುದ್ಧಕ್ಕೆ ಕಟ್ಟುನಿಟ್ಟಾದ ನಿಯಮವಿದೆ.

ಶ್ರೀಮದಾಚಾರ್ಯರ ಕಥಾಲಕ್ಷಣವೆಂಬ ಪ್ರಕರಣಗ್ರಂಥವು ಆ ನಿಯಮಗಳ ಸಂಗ್ರಹ. ಅದಕ್ಕೂ ಟೀಕಾರಾಯರ ಟೀಕೆಯಿದೆ. ವಿಚಾರಕಥೆಯು ಮೂರು ಬಗೆ. ತತ್ತ್ವವನ್ನು ನಿರ್ಣಯಿಸಲೆಂದು ಗುರುಶಿಷ್ಯರ ನಡುವೆಯೋ ಜಿಜ್ಞಾಸುಗಳ ನಡುವೆಯೋ ನಡೆಯುವುದು ವಾದ. ಜಯವನ್ನೋ ಕೀರ್ತಿಯನ್ನೋ ಬಯಸಿ ಇಬ್ಬರೂ ತಮ್ಮ ತಮ್ಮ ಪಕ್ಷವನ್ನು ಸ್ಥಾಪಿಸುತ್ತ ನಡೆಸುವುದು ಜಲ್ಪ. ತತ್ತ್ವವನ್ನು ಕೇಳುವ ಯೋಗ್ಯತೆಯಿಲ್ಲದವನೊಡನೆ, ತನ್ನ ಪಕ್ಷವನ್ನು ಮುಂದಿಡದೆ ಅವನ ಮಾತನ್ನಷ್ಟೇ ಪರೀಕ್ಷಿಸುವುದು ವಿತಂಡ. ಕಥೆಯನ್ನು ನಿರ್ಣಯಿಸುವವರು ರಾಗದ್ವೇಷಗಳಿಲ್ಲದ ವಿದ್ವಾಂಸರಾಗಿರಬೇಕು. ಕತ್ತಿಯ ಕಾಳಗದಲ್ಲಿ ಬಲಿಷ್ಠನಾದವನು ಗೆಲ್ಲುತ್ತಾನೆ. ಇಲ್ಲಿ ಗೆಲ್ಲುವುದು ಪ್ರಮಾಣ ಮಾತ್ರ.

ಇನ್ನೊಂದು ನಿಯಮವನ್ನು ಅವರ ಗ್ರಂಥಶೈಲಿಯೇ ಸಾರುತ್ತದೆ. ಯಾವ ಮತವನ್ನು ನಿರಾಕರಿಸಬೇಕೋ ಅದನ್ನು ಮೊದಲು ಪೂರ್ವಪಕ್ಷವಾಗಿ ಸಂಪೂರ್ಣವಾಗಿ ನಿರೂಪಿಸಬೇಕು. ವಾದಾವಳಿಯಲ್ಲಿ ಅದ್ವೈತಿಗಳ ಮಿಥ್ಯಾತ್ವಾನುಮಾನವನ್ನು ಪರಿಶೀಲಿಸುವಾಗ ಚಿತ್ಸುಖಾಚಾರ್ಯರಂತಹ ಪ್ರೌಢ ವಿದ್ವಾಂಸರ ಯುಕ್ತಿಗಳನ್ನೇ ಅವರು ಎದುರಿಗೆ ಇಟ್ಟುಕೊಳ್ಳುತ್ತಾರೆ. ದುರ್ಬಲನಾದ ಪ್ರತಿವಾದಿಯನ್ನು ಆರಿಸಿಕೊಂಡು ಸುಲಭವಾದ ಜಯ ಪಡೆಯುವ ರೀತಿ ಅಲ್ಲಿಲ್ಲ. ಪರಮತದ ಗ್ರಂಥಗಳನ್ನು ಆ ಮತದವರಷ್ಟೇ ಶ್ರದ್ಧೆಯಿಂದ ಓದದೆ ಹೀಗೆ ಬರೆಯಲು ಸಾಧ್ಯವೇ ಇಲ್ಲ. ಎದುರಾಳಿಯನ್ನು ಅರಿಯಲು ಇಷ್ಟು ಶ್ರಮಪಡುವವರ ಹೃದಯದಲ್ಲಿ ದ್ವೇಷಕ್ಕೆ ಎಡೆಯೆಲ್ಲಿ?

ಈ ಶೀಲವು ಅವರಿಗೆ ಗುರುಗಳಿಂದಲೇ ಬಂದುದು. ಶ್ರೀ ಅಕ್ಷೋಭ್ಯತೀರ್ಥರಿಗೂ ಶ್ರೀ ವಿದ್ಯಾರಣ್ಯರಿಗೂ ಮುಳಬಾಗಿಲಿನಲ್ಲಿ ವಾದ ನಡೆಯಿತೆಂದೂ, ಅದರ ನಿರ್ಣಯಕ್ಕಾಗಿ ವಿಶಿಷ್ಟಾದ್ವೈತಿಗಳಾದ ಶ್ರೀ ವೇದಾಂತದೇಶಿಕರನ್ನು ಕೇಳಿಕೊಳ್ಳಲಾಯಿತೆಂದೂ, ಜಯವು ಶ್ರೀ ಅಕ್ಷೋಭ್ಯತೀರ್ಥರದಾಯಿತೆಂದೂ ಮಾಧ್ವ ಮತ್ತು ಶ್ರೀವೈಷ್ಣವ ಪರಂಪರೆಗಳು ಹೇಳುತ್ತವೆ. ಮೂರು ಮತಗಳ ಮೂವರು ಮಹಾವಿದ್ವಾಂಸರು, ಒಬ್ಬರ ತೀರ್ಪನ್ನು ಇನ್ನೊಬ್ಬರು ಕಾಯುವ ದೃಶ್ಯವನ್ನು ನೆನೆಯಿರಿ. ಮುಂದೆ ಅದೇ ಶ್ರೀ ವಿದ್ಯಾರಣ್ಯರು ಶ್ರೀ ಜಯತೀರ್ಥರ ಟೀಕಾಗ್ರಂಥವನ್ನು ಕಂಡು, ಅದರ ಪಾಂಡಿತ್ಯಕ್ಕೆ ಮೆಚ್ಚಿ, ಅದನ್ನು ಆನೆಯ ಮೇಲಿರಿಸಿ ಮೆರವಣಿಗೆ ಮಾಡಿಸಿದರೆಂಬ ಕಥೆಯನ್ನು ನಮ್ಮ ಹಿರಿಯರು ತಪ್ಪದೆ ಹೇಳುತ್ತ ಬಂದಿದ್ದಾರೆ. ಇದನ್ನು ಹೇಳುವಾಗ ನಾವು ಸಾಮಾನ್ಯವಾಗಿ ನಮ್ಮ ಗುರುಗಳ ಹಿರಿಮೆಯನ್ನು ಮಾತ್ರ ನೋಡುತ್ತೇವೆ. ತಮ್ಮ ಸಿದ್ಧಾಂತವನ್ನು ನಿರಾಕರಿಸುವ ಗ್ರಂಥಕ್ಕೆ ಆನೆಯ ಮೇಲೆ ಸ್ಥಾನ ಕೊಟ್ಟ ಪ್ರತಿವಾದಿಯ ಹಿರಿಮೆಯೂ ಅಲ್ಲಿದೆ. ಪ್ರತಿಪಕ್ಷದವರ ಕೈಯಿಂದಲೇ ಗೌರವ ಪಡೆಯುವಂತೆ ಬರೆಯುವುದು, ಪ್ರತಿಪಕ್ಷದವರಾಗಿದ್ದೂ ಗೌರವ ಕೊಡುವುದು: ಇವೆರಡೂ ಸೇರಿದಾಗ ಮಾತ್ರ ಧರ್ಮಯುದ್ಧವು ಧರ್ಮಯುದ್ಧವೆನಿಸುತ್ತದೆ.

ರಾಜ್ಯಗಳು ಅಳಿದವು, ಪಾಠ ಉಳಿಯಿತು

ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ. ಹತ್ತನೆಯ ಶತಮಾನದಲ್ಲಿಯೇ ಪರಮಾರರ ದಾಳಿಯಿಂದ ಅದರ ವೈಭವ ಮುರಿಯಿತು. ಆ ಹಾಳು ರಾಜಧಾನಿಯ ಬಳಿ, ಕಾಗಿಣಾ ನದಿಯ ದಡದಲ್ಲಿ, ಶ್ರೀ ಅಕ್ಷೋಭ್ಯತೀರ್ಥರ ಮತ್ತು ಶ್ರೀ ಜಯತೀರ್ಥರ ವೃಂದಾವನಗಳಿಗೆ ಆಸ್ತಿಕರು ಇಂದಿಗೂ ಪ್ರದಕ್ಷಿಣೆ ಮಾಡುತ್ತಾರೆ. ಟೀಕಾರಾಯರ ಕಾಲದಲ್ಲಿ ಆ ಪ್ರದೇಶವನ್ನು ಆಳಿದ ಬಹಮನಿ ರಾಜ್ಯವು ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಅಳಿಯಿತು. ಅದಕ್ಕೆ ಎದುರಾಗಿ ನಿಂತ ವಿಜಯನಗರದ ರಾಜಧಾನಿಯು 1565ರಲ್ಲಿ ಹಾಳಾಯಿತು. ಮಂಗಳವೇಢೆಯ ಸರದಾರರ ಕುದುರೆಗಳೆಲ್ಲಿ, ಆಯುಧಗಳೆಲ್ಲಿ?

ಆದರೆ ಗುಹೆಯಲ್ಲಿ ಬರೆದ ಓಲೆಗರಿಗಳು ಅಳಿಯಲಿಲ್ಲ. ಶ್ರೀ ವ್ಯಾಸರಾಜರು ತತ್ತ್ವಪ್ರಕಾಶಿಕೆಗೆ ತಾತ್ಪರ್ಯಚಂದ್ರಿಕೆಯನ್ನು ಬರೆದರು. ಶ್ರೀ ವಾದಿರಾಜರು ಸುಧೆಗೆ ಗುರ್ವರ್ಥದೀಪಿಕೆಯನ್ನು ರಚಿಸಿದರು. ಶ್ರೀ ರಾಘವೇಂದ್ರತೀರ್ಥರು ಸುಧೆಗೆ ಪರಿಮಳವನ್ನು ಬರೆದು ಪರಿಮಳಾಚಾರ್ಯರೆನಿಸಿದರು. ಟೀಕಾರಾಯರ ಯುಕ್ತಿಗಳನ್ನು ಬೆಳೆಸಿದ ಶ್ರೀ ವ್ಯಾಸರಾಜರ ನ್ಯಾಯಾಮೃತಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನೂ, ಅದಕ್ಕೆ ಪ್ರತ್ಯುತ್ತರವಾಗಿ ವ್ಯಾಸರಾಮಾಚಾರ್ಯರು ನ್ಯಾಯಾಮೃತತರಂಗಿಣಿಯನ್ನೂ ರಚಿಸಿದರು. ಶತಮಾನಗಳ ಕಾಲ ನಡೆದ ಈ ಸಂಗ್ರಾಮದಿಂದ ಒಂದು ಮನೆಯೂ ಸುಡಲಿಲ್ಲ. ಎರಡೂ ಪಕ್ಷಗಳ ಶಾಸ್ತ್ರ ಬೆಳೆಯಿತು.

ನಮ್ಮ ಪಾಲಿಗೆ

ಊರಿನ ಮಠದ ಅಂಗಳ, ಅಜ್ಜನ ಪಾಠ, ಆರಾಧನೆಯ ಪಂಕ್ತಿ ಇವೆಲ್ಲವನ್ನೂ ಹಿಂದೆ ಬಿಟ್ಟು ಉದ್ಯೋಗಕ್ಕಾಗಿ ಈ ನಗರಕ್ಕೆ ಬಂದ ಕುಟುಂಬಗಳು ನಾವು. ನಮ್ಮ ಮಕ್ಕಳು ಶಾಲೆಯಲ್ಲಿ ಬೇರೆ ಮಾತು ಆಡುತ್ತಾರೆ. ಹಲವು ಮತ, ಹಲವು ಆಚಾರಗಳ ಸ್ನೇಹಿತರೊಡನೆ ಬೆಳೆಯುತ್ತಾರೆ. ಅವರು ಮನೆಗೆ ಬಂದು, ನಾವು ಹೀಗೇಕೆ ಮಾಡುತ್ತೇವೆ, ಅವರು ಹಾಗೇಕೆ ಮ��ಡುತ್ತಾರೆ ಎಂದು ಕೇಳುತ್ತಾರೆ. ಆಗ ನಮ್ಮ ಮುಂದೆ ಎರಡು ಸುಲಭವಾದ ದಾರಿಗಳಿವೆ. ಪ್ರಶ್ನೆಯನ್ನು ಗದರಿಸಿ ಅಡಗಿಸುವುದು ಒಂದು; ಇತರರನ್ನು ಹಳಿದು ನಮ್ಮವರನ್ನು ಹೊಗಳುವುದು ಇನ್ನೊಂದು. ಎರಡೂ ಟೀಕಾರಾಯರ ದಾರಿಗಳಲ್ಲ. ಒಂದು ಪ್ರಶ್ನೆಯಿಂದಲೇ ಅವರ ಜೀವನ ತಿರುಗಿತು. ಪ್ರಶ್ನೆಗಳನ್ನು ಎದುರಿಸುವುದರಲ್ಲಿಯೇ ಅದು ಸಾರ್ಥಕವಾಯಿತು.

ಆದುದರಿಂದ ಮಕ್ಕಳ ಪ್ರಶ್ನೆಯನ್ನು ಪೂರ್ವಪಕ್ಷವೆಂದು ಗೌರವಿಸೋಣ. ಉತ್ತರ ತಿಳಿಯದಿದ್ದರೆ ತಿಳಿದವರನ್ನು ಕೇಳಿ ಕಲಿಯೋಣ. ಆಷಾಢ ಬಹುಳ ಪಂಚಮಿಯಂದು ಆರಾಧನೆಯ ತೀರ್ಥಪ್ರಸಾದ ಸ್ವೀಕರಿಸುವುದರೊಡನೆ ಪ್ರಮಾಣಪದ್ಧತಿಯ ಒಂದು ಪುಟದ ಅರ್ಥವನ್ನಾದರೂ ವಿದ್ವಾಂಸರಿಂದ ಕೇಳಿದರೆ, ಅದಕ್ಕಿಂತ ಮಿಗಿಲಾದ ಪುಷ್ಪಾರ್ಚನೆ ಇಲ್ಲ. ಅನುಕೂಲವುಳ್ಳವರು ಪಂಢರಪುರದ ಯಾತ್ರೆಯ ಜೊತೆಗೆ ಮಂಗಳವೇಢೆಯನ್ನೂ, ಸೋಲಾಪುರ-ಕಲಬುರಗಿಯ ಮಾರ್ಗವಾಗಿ ಮಳಖೇಡವನ್ನೂ ಸಕುಟುಂಬವಾಗಿ ಸಂದರ್ಶಿಸಿ, ಮಕ್ಕಳಿಗೆ ಈ ಕಥೆಯನ್ನು ಆ ನದಿಗಳ ದಡದಲ್ಲಿಯೇ ಹೇಳಲಿ.

ಜಗತ್ತಿನಲ್ಲಿ ಮತದ ಹೆಸರಿನ ಕಲಹಗಳು ಇಂದಿಗೂ ನಿಂತಿಲ್ಲ. ಶ್ರದ್ಧೆಯು ದೃಢವಾಗಿರಬೇಕು, ಆದರೆ ದ್ವೇಷದಿಂದ ದೃಢವಾಗಬಾರದು. ವಿಜಯವು ಬೇಕು, ಆದರೆ ಅದು ಅಜ್ಞಾನದ ಮೇಲೆ ಆಗಬೇಕು ಎಂಬ ಪಾಠವನ್ನು ಶಸ್ತ್ರ ಬಲ್ಲ ಕೈಗಳಿಂದಲೇ ಬರೆದುಕೊಟ್ಟ ಶ್ರೀ ಟೀಕಾಚಾರ್ಯರ ಅಂತರ್ಯಾಮಿಯಾದ ಶ್ರೀ ಲಕ್ಷ್ಮೀನಾರಾಯಣನು ಸಮಸ್ತ ಶಿಷ್ಯಭಕ್ತರಿಗೂ ಜ್ಞಾನ, ಭಕ್ತಿ, ವೈರಾಗ್ಯಗಳನ್ನು ಅನುಗ್ರಹಿಸಲೆಂದು ಪ್ರಾರ್ಥಿಸೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥